ಮೇಲಿನ ಮಣ್ಣು

ಮೇ 18, ಮೋರಟಗಿ. ಬೆಳಿಗ್ಗೆ ಐದೂವರೆ

ಇದೊಂದನ್ನು ಬರೆಯದೆ ಬಿಡುವವಳಿದ್ದೆ. ನಿನ್ನೆ ಆಳದ ಬಿಳಿ ಗರಸನ್ನು ಮೇಲಿನ ಕಪ್ಪು ಎರೆಮಣ್ಣಿನ ಗುಡ್ಡೆಯ ಮೇಲೆ ಸುರಿಯಿರಿ ಎಂದವಳು ನಾನೇ.

ಉತ್ಖನನ ಕ್ಯಾಂಪಿನ ನನ್ನ ವಿದ್ಯಾರ್ಥಿಗಳು ಆಗಲೇ ಟ್ರೆಂಚಿಗೆ ಹೊರಟರು. ಬುಟ್ಟಿ, ಬ್ರಷ್, ನೀರಿನ ಕ್ಯಾನ್. ಬಿಸಿಲೇರುವ ಮೊದಲು ಅಗೆತ ಮುಗಿಯಬೇಕು.

ಸೋಮನಿಂಗಣ್ಣ ಬಾಡಿಗೆ ಕೇಳದೆ ಹೊಲದ ಮೂಲೆ ಬಿಟ್ಟುಕೊಟ್ಟವರು. ಒಂದೇ ಷರತ್ತು. "ಎರಿ ಒಂದ್ ಕಡೆ, ಗರಸು ಒಂದ್ ಕಡೆ ಹಾಕ್ರಿ ಮೇಡಂ. ಮುಚ್ಚುವಾಗ ಎರಿ ಮ್ಯಾಲ ಬರ್ಬೇಕು. ಗರಸು ಮ್ಯಾಲ ಬಂತಂದ್ರ ತೊಗರಿ ಬಿಡ್ರಿ, ಕಸಾನೂ ಹುಟ್ಟಂಗಿಲ್ಲ."

ಹಾಗೇ ನಡೆದಿತ್ತು. ನಿನ್ನೆ ಗಡಿಗೆಯ ಬಾಯಿ ಕಂಡಿತು... ಒಡೆಯದ ಗಡಿಗೆ! ಗರಸಿನ ಗುಡ್ಡೆ ಆಚೆ ಬದಿಗೆ, ಸುತ್ತಿ ಹೋಗಬೇಕು. ಯಾರಿಗೆ ತಾಳ್ಮೆ? ಇಲ್ಲೇ ಸುರಿಯಿರಿ ಎಂದೆ. ಮಣ್ಣು ಹೊತ್ತು ಹಾಕುವ ಪಾಳಿ ವಿದ್ಯಾರ್ಥಿನಿ ಸಾಕ್ಷಿಯದು. "ಮೇಡಂ, ಇದು ಎರಿ ಗುಡ್ಡಿ ಐತಲ್ರಿ?" ಎಂದಳು. ಸಂಜೆ ತೆಗೆದರಾಯಿತು ಎಂದೆ. ಸಂಜೆ ಎಲ್ಲರೂ ಫೋಟೋ ತೆಗೆಯುವುದರಲ್ಲಿದ್ದೆವು.

ಇವತ್ತು ಮೊದಲ ಕೆಲಸ ಅದೇ.

ಮೇ 19

ನಿನ್ನೆಯೂ ಆಗಲಿಲ್ಲ. ಗಡಿಗೆ ಎತ್ತುವುದರಲ್ಲೇ ದಿನ ಹೋಯಿತು. ರಾತ್ರಿ ಅಡ್ಡಮಳೆ. ಗುಡ್ಡೆ ಕರಗಿ ಕಪ್ಪು, ಬಿಳಿ ಒಂದಾಗಿವೆ.

ಸೋಮನಿಂಗಣ್ಣ ಕುಕ್ಕರಗಾಲಿನಲ್ಲಿ ಕೂತು ಒಂದು ಹಿಡಿ ಹಿಸುಕಿ ನೋಡಿದರು. "ಯಾರ ಕೆಲಸ್ರಿ ಇದು?"

ನಾನು ಗಡಿಗೆ ನೋಡುತ್ತಿದ್ದೆ.

"ಮಣ್ಣಿನ ಪಾಳಿ ನಂದಿತ್ರಿ ಕಾಕಾ," ಎಂದಳು ಸಾಕ್ಷಿ.

ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಉಳಿದ ಅರ್ಧ ಹೇಳಬೇಕಾದವಳು ಅಲ್ಲೇ ನಿಂತಿದ್ದೆ.

"ನಿಮಗ ಸಾವಿರಾರು ವರ್ಷದ ಗಡಿಗಿ ಸಿಕ್ತು," ಎಂದರು ಅವರು ಏಳುತ್ತಾ. "ನಂದು ಈ ವರ್ಷದ ತೊಗರಿ ಹೋತು."

ಬೈದಿದ್ದರೆ ಚೆನ್ನಾಗಿತ್ತು.

ಮೇ 22, ಸಂಜೆ

ಧಾರವಾಡದಿಂದ ಡೈರೆಕ್ಟರ್ ಫೋನ್. ಹೊಲ ಕೆಟ್ಟ ಸುದ್ದಿ ಅಲ್ಲಿಗೆ ಮುಟ್ಟಿದೆ; ಸಾಕ್ಷಿಯ ಕ್ಯಾಂಪ್ ಸರ್ಟಿಫಿಕೇಟ್ ತಡೆದಿದ್ದಾರಂತೆ. ಮಂಗಳವಾರ ಕಮಿಟಿ ಕೂತು ತೀರ್ಮಾನಿಸುತ್ತದೆ. ಅದಿಲ್ಲದಿದ್ದರೆ ಅವಳಿಗೆ ಎಂ.ಎ. ಸೀಟು ಕಷ್ಟ. "ನಿಮ್ಮ ಅಭಿಪ್ರಾಯ ಏನು?" ಎಂದರು. ನೆಟ್‌ವರ್ಕ್ ಸರಿಯಿಲ್ಲ ಸರ್ ಎಂದೆ. ಸರಿಯಾಗೇ ಇತ್ತು.

ಹೊಲಕ್ಕೆ ಹೋದರೆ ಸಾಕ್ಷಿ ಮಣಿ ಹುಡುಕುವ ಜರಡಿಯಲ್ಲಿ ಆ ಗುಡ್ಡೆಯನ್ನು ಸೋಸುತ್ತಿದ್ದಾಳೆ. ಒದ್ದೆ ಎರೆ. ಅಂಟಿಕೊಳ್ಳುತ್ತದೆ, ಇಳಿಯುವುದಿಲ್ಲ. ಸೋಮನಿಂಗಣ್ಣನ ಹೆಂಡತಿ ರಾಮವ್ವ ಮಜ್ಜಿಗೆ ಚರಿಗೆ ಹಿಡಿದು ನಿಂತಿದ್ದರು. "ಸಾಕ್ ಬಿಡ ನಮ್ಮವ್ವ, ಹಿಟ್ಟ ಸೋಸಿದಂಗ ಹೊಲ ಸೋಸ್ತಾರೇನ? ನಿನ್ನ ಕೊಟ್ಟ ಮನ್ಯಾಗ ರೊಟ್ಟಿ ಆಗೂದು ಹೊತ್ತು ಮುಣುಗಿದ ಮ್ಯಾಲ!" ಸಾಕ್ಷಿ ನಕ್ಕಳು. ನನ್ನನ್ನು ನೋಡಿ ನಗು ನಿಲ್ಲಿಸಿದಳು.

ಪೂರ್ತಿ ನಿಜ ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳುವ ಹಕ್ಕಿತ್ತೇ?

"ನೀವು ಹೇಳ್ತೀರಿ ಅಂತ ಸುಮ್ನಿದ್ದೆರಿ."

ಫೋನಿನಲ್ಲಿ ಹೇಳಿದರೆ ಮಾತು ಗಾಳಿಗೆ. ಸಹಿ ಹಾಕಿದ ಪತ್ರ ಬೇಕು. ಕಮಿಟಿಗೆ ಬರೆದೆ: ಸುರಿಯಲು ಹೇಳಿದ್ದು ನಾನು. ಅವಳು ತಡೆದಳು, ನಾನು ಕೇಳಲಿಲ್ಲ. ಹೊಲದ ಮೂಲೆಗೆ ಕೆರೆಯ ಎರೆ ಹಾಕಿಸುವ ಹೊಣೆ ನನ್ನದು.

ಶನಿವಾರ ಕ್ಯಾಂಪ್ ಮುಗಿಯುತ್ತದೆ. ಸೋಮವಾರ ಪೋಸ್ಟ್ ಮಾಡಿದರೆ ಇಲ್ಲಿ ಯಾರ ಮುಖವನ್ನೂ ನೋಡಬೇಕಾಗಿಲ್ಲ... ಆದರೆ ಮಂಗಳವಾರಕ್ಕೆ ತಲುಪುವುದಿಲ್ಲ. ಗೊತ್ತಿದ್ದೇ ಸೋಮವಾರ ಎಂದುಕೊಂಡೆನೇ?

ಸಿಂದಗಿ ಪೋಸ್ಟಾಫೀಸು. ಮೊದಲ ಬಸ್ಸಿಗೆ. ನಾಳೆ, ಮೇ 23ಕ್ಕೇ ಹಾಕಿದರೆ ಮಂಗಳವಾರದೊಳಗೆ ತಲುಪುತ್ತದೆ.