ಬೇರಿನ ಸಿಪ್ಪೆಯ ವಿಷಯವಾಗಿ ಅತ್ತೆಗೆ

ಅತ್ತೆ,

ಮೊಣಕಾಲಿನ ಹೊಲಿಗೆ ಬಿಚ್ಚಿದರೆಂದು ನಾದಿನಿ ಹೇಳಿದಳು. ಮುಂದಿನ ವಾರ ನೀವು ಮನೆಗೆ ಬರುವ ಮುನ್ನ ಒಂದು ವಿಷಯ ನಿಮಗೆ ತಿಳಿದಿರಬೇಕು. ಫೋನಿನಲ್ಲಾದರೆ ನೀವು ಮಧ್ಯೆ ಬಾಯಿ ಹಾಕುತ್ತೀರಿ, ನಾನು ಅರ್ಧಕ್ಕೇ ನಿಲ್ಲಿಸುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಬೇರಿನ ಸಾರದಲ್ಲಿ ಔಷಧಿಯ ಅಂಶ ಕಡಿಮೆಯೆಂದು ಔಷಧ ಕಂಪನಿಯವರು ಎರಡು ಸಲ ಮಾಲು ವಾಪಸು ಕಳಿಸಿದ್ದು ನಿಮಗೆ ಗೊತ್ತು. ಇನ್ನೊಮ್ಮೆ ಹಾಗಾದರೆ ಅವರು ಬೇರೆಯವರನ್ನು ನೋಡಿಕೊಳ್ಳುತ್ತಾರೆ, ಸಾರ ತೆಗೆಯುವ ನಮ್ಮ ಶೆಡ್ಡಿಗೆ ಬೀಗ ಬೀಳುತ್ತದೆ. ನಾನು ಬೇರಿನ ಪುಡಿ ನೆನೆಸುವ ಸ್ಪಿರಿಟ್ಟಿನ ಪ್ರಮಾಣ ಬದಲಿಸಿದೆ, ಕಾವು ಏರಿಸಿದೆ, ಇಳಿಸಿದೆ. ಪುಡಿಯನ್ನು ಇನ್ನೂ ನುಣ್ಣಗೆ ಮಾಡಿಸಿದಾಗ ಅದು ಸೋಸುವ ಬಟ್ಟೆಗೆ ಮೆತ್ತಿಕೊಂಡು ಕುಳಿತಿತು. "ಕಾಲೇಜಲ್ಲಿ ಗೋಂದು ಮಾಡೋದು ಕಲಿಸಿದ್ರಾ?" ಎಂದು ನೀವು ನಕ್ಕಿರಿ.

ನೀವು ಆಸ್ಪತ್ರೆಗೆ ಹೋದ ಮೇಲೆ ಬೇರು ತೊಳೆಯುವ ಕೆಲಸ ನಿಮ್ಮ ಮಗನ ಪಾಲಿಗೆ ಬಂತು. ನಿಮ್ಮಂತೆ ಬ್ರಷ್ಷಿನಿಂದ ಉಜ್ಜಿ ಉಜ್ಜಿ ಬೆಳ್ಳಗೆ ಮಾಡುವ ತಾಳ್ಮೆ ಅವರಿಗೆಲ್ಲಿ? ನಲ್ಲಿಯ ಕೆಳಗೆ ಮಣ್ಣು ಹೋಗುವಷ್ಟು ಹಿಡಿದು ಎತ್ತಿಟ್ಟರು. ಬೇರು ಕಂದು ಬಣ್ಣದಲ್ಲೇ ಉಳಿಯಿತು. "ಅಮ್ಮ ನೋಡಿದ್ರೆ ನನ್ನನ್ನೇ ಉಜ್ತಾಳೆ" ಎಂದರು. ಆ ಬೇರಿನಿಂದ ತೆಗೆದ ಸಾರವನ್ನು ಪರೀಕ್ಷಿಸಿದಾಗ ಔಷಧಿಯ ಅಂಶ ಹೆಚ್ಚುಕಡಿಮೆ ದುಪ್ಪಟ್ಟು ಬಂತು. ನನಗೆ ನಂಬಿಕೆಯಾಗಲಿಲ್ಲ. ಒಂದೇ ಚೀಲದ ಬೇರನ್ನು ಎರಡು ಪಾಲು ಮಾಡಿ, ಒಂದನ್ನು ಉಜ್ಜಿಸಿ, ಇನ್ನೊಂದನ್ನು ಹಾಗೇ ಬಿಟ್ಟು ಮತ್ತೆ ನೋಡಿದೆ. ಫಲಿತಾಂಶ ಅದೇ. ಈ ಬೇರಿನ ಗುಣವೆಲ್ಲ ಅದರ ತೆಳು ಸಿಪ್ಪೆಯಲ್ಲಿದೆ. ಇಷ್ಟು ದಿನ ಅದು ಚರಂಡಿಗೆ ಹೋಗುತ್ತಿತ್ತು.

"ಅಮ್ಮನಿಗೆ ಇದೆಲ್ಲ ಹೇಳೋದು ಬೇಡ. ವಯಸ್ಸಾಯ್ತು, ಮನೇಲಿರು ಅಂದ್ರೆ ಮುಗೀತು" ಎನ್ನುತ್ತಾರೆ ನಿಮ್ಮ ಮಗ. ನಾನು ಒಪ್ಪಲಿಲ್ಲ. ಅಂಶ ಕಡಿಮೆಯಾಗಲು ಕಾರಣ ಬ್ರಷ್ಷು; ತಪ್ಪನ್ನು ನಿಮ್ಮ ವಯಸ್ಸಿನ ಮೇಲೆ ಹಾಕಿದರೆ ಅದು ಸುಳ್ಳಾಗುತ್ತದೆ. ಶೆಡ್ಡಿಗೆ ಬಂದವರೆಲ್ಲ ಬೆಳ್ಳನೆಯ ಬೇರನ್ನು ಕೈಯಲ್ಲಿ ಹಿಡಿದು ನಿಮ್ಮನ್ನು ಹೊಗಳುತ್ತಿದ್ದರು. ಇನ್ನು ಮೇಲೆ ಆ ಮಾತು ಇರುವುದಿಲ್ಲ. ಅದಕ್ಕೆ ಬದಲಾಗಿ ಕೊಡಲು ನನ್ನ ಬಳಿ ಏನೂ ಇಲ್ಲ.

ಕಂಪನಿಗೆ ಕಳಿಸುವ ಮುಂದಿನ ಮಾಲು ನೀವು ಬಂದ ಮೇಲೆಯೇ ತಯಾರಾಗಲಿ ಎಂದು ತಡೆದಿದ್ದೇನೆ. ಆ ಬೇರನ್ನು ನೀವೇ ತೊಳೆಯಬೇಕು, ಕಂದು ಬಣ್ಣ ಹೋಗುವ ಮೊದಲೇ ಎತ್ತಿಡಬೇಕು. ನಿಮ್ಮ ಕೈ ಕೇಳುವುದಿಲ್ಲ, ಗೊತ್ತು. ಬೇಕಾದರೆ ನನ್ನನ್ನು ಬೈಯುತ್ತಲೇ ತೊಳೆಯಿರಿ. ನಾನು ಪಕ್ಕದಲ್ಲೇ ನಿಂತಿರುತ್ತೇನೆ.

ಕಾಲು ಬೇಗ ಗಟ್ಟಿಯಾಗಲಿ.

ನಿಮ್ಮ ಸೊಸೆ