ಹಗ್ಗದ ಇನ್ನೊಂದು ತುದಿ

ಅಪ್ಪಾ,

ನೀವು ತೀರಿಕೊಂಡು ಎರಡು ವರ್ಷವಾಯಿತು. ಆದರೂ ಇದನ್ನು ನಿಮಗೇ ಹೇಳಬೇಕು. ನಿಮ್ಮ ಮೊಮ್ಮಗಳು ಧೃತಿಯನ್ನು ಶಾಲೆಯಿಂದ ಬಿಡಿಸಿದ್ದೇನೆ. ಈ ವರ್ಷ ಮನೆಯಲ್ಲೇ ಪಾಠ. ತಪ್ಪು ಮಾಡಿದೆನಾ ಎಂಬ ಹೆದರಿಕೆಯಲ್ಲಿ ಒಂದು ವಾರದಿಂದ ನಿದ್ದೆಯಿಲ್ಲ.

ಇವತ್ತು ಮೊದಲ ದಿನ. ಬಾಳೆ ನಡಲೆಂದು ನೀವು ಆರು ಅಡಿಗೊಂದು ಗಂಟು ಹಾಕಿಟ್ಟಿದ್ದ ಹಗ್ಗವನ್ನು ಅಟ್ಟದಿಂದ ಇಳಿಸಿಕೊಂಡು ಗುಡ್ಡೆಗೆ ಹೋದೆವು. ಗಂಟು ಎಣಿಸುತ್ತ ಎಣಿಸುತ್ತ ಅವಳಿಗೆ ಆರರ ಮಗ್ಗಿ ಬಂತು. ಅಷ್ಟರಲ್ಲಿ ನೆರೆಮನೆಯ ವಾರಿಜಕ್ಕ ಬಂದು ನಕ್ಕರು.

“ಎಂತ ಮಾರಾಯ್ತಿ, ಎಂಎಸ್ಸಿ ಓದಿ ಮಗಳ ಹತ್ರ ಗುಂಡಿ ತೆಗೆಸುದಾ?”

“ಇದು ಲೆಕ್ಕದ ಕ್ಲಾಸ್ ಅತ್ತೆ. ನೀವೂ ಬನ್ನಿ, ಯೂನಿಫಾರ್ಮ್ ಬೇಡ,” ಅಂದಳು ಧೃತಿ. ಮತ್ತೆ ನನ್ನ ಕಡೆ ತಿರುಗಿ, “ಅಮ್ಮಾ, ಆ ತುದಿ ಹಿಡಿ” ಎಂದಳು.

ಒಮ್ಮೆ ನೀವೂ ಹೀಗೇ ಕರೆದಿದ್ದಿರಿ. ನಾನು ಜಗಲಿಯಿಂದ ಏಳದೆ, “ನಂಗೆ ಓದ್ಲಿಕ್ಕುಂಟು” ಅಂದಿದ್ದೆ. ನೀವು ಆ ತುದಿಯನ್ನು ಗೂಟಕ್ಕೆ ಕಟ್ಟಿ, ಒಬ್ಬರೇ ಸಾಲು ಎಳೆದಿರಿ.

ಇವತ್ತು ಹಿಡಿದೆ ಅಪ್ಪ. ಹತ್ತು ಗುಂಡಿಗೆ ಗುರುತು ಹಾಕುವವರೆಗೂ ಬಿಡಲಿಲ್ಲ. ನಾಳೆ ಬೆಳಿಗ್ಗೆ ಏಳಕ್ಕೆ ಎರಡನೇ ಸಾಲು. ಗೂಟ ತರುವುದು ಬೇಡ ಎಂದು ಧೃತಿಗೆ ಹೇಳಿದ್ದೇನೆ.