ಸೋಸೂ ಬಟ್ಟಿಯ ಕೆಂಪು ಹೂವು

ಅಕ್ಕಾ,

ನೀ ಬಸದಿಯಿಂದ ಬರೂತನಕ ನಿಲ್ಲಾಕ ಆಗಲಿಲ್ಲ. ನನ್ನ ಕರಕೊಂಡು ಹೋಗಾಕ ನಮ್ಮ ಚಲೇಜಾವ್ ದಳದವರಿಬ್ಬರು ಕಟ್ಟಿ ಮ್ಯಾಲ ಕುಂತಾರ.

ಮೊದಲಿಗೆ, ಕೊಡದ ಮ್ಯಾಗಿನ ನೀರು ಸೋಸೂ ಬಟ್ಟಿ ಸುಟ್ಟಬಿಡು, ಈ ಚೀಟಿನೂ. ಹೋದ ವಾರ ಟೆಲಿಫೋನ ತಂತಿ ಕಡಿಯಾಕ ಹೋಗಿ ಗುಂಡು ತಿಂದ ಮಾಲಿಂಗಪ್ಪನ ತೊಡಿಗೆ ಅದರ ಜೋಡಿ ಬಟ್ಟಿನ ಕಟ್ಟಿದ್ದೆ. ಹಳೇ ಧೋತರ ಒಯ್ಯಿ ಅಂತ ನೀ ಅಂದಿದ್ದಿ, ನಾ ಕೇಳಲಿಲ್ಲ. ಈಗ ಅಂವ ಸಂಕೇಶ್ವರದಾಗ ಪೊಲೀಸರ ಕೈಗೆ ಸಿಕ್ಕಾನ. ಅಂವನ ತೊಡಿ ಮ್ಯಾಗಿನ ಬಟ್ಟಿ ಮೂಲ್ಯಾಗ ನೀ ಹಾಕಿದ ಕೆಂಪು ದಾರದ ಹೂವು ಹಂಗ ಐತಿ, ಕೊಡದ ಮ್ಯಾಗಿನದರಾಗೂ ಅದ ಹೂವು.

ದಳ ಬಿಡತೇನಿ ಅಂತ ನಿನ್ನೆ ಕಪ್ತಾನರಿಗೆ ಹೇಳಿ ನೋಡಿದೆ. "ಗಾಯ ಹೊಲಿಯೂ ಕಂಪೌಂಡರ ನೀವೊಬ್ಬರ ಅದೀರಿ, ನಿಮ್ಮನ್ನ ಹೆಂಗ ಬಿಡೂದ್ರಿ" ಅಂತ ನಕ್ಕರು. ಸೇರೂ ಮುಂದ ನನ್ನ ಯಾರೂ ಎಳದಿರಲಿಲ್ಲ, ನಾನಾಗಿ ಹೋಗಿದ್ದೆ.

ಸೋಸದ ನೀರು ನೀ ಕುಡಿಯೂದಿಲ್ಲ, ಹೊಸ ಬಟ್ಟಿ ಹೊಲಿಯೂತನಕ ಬಾಜೂಕಿನ ಸೀತಾಬಾಯಿ ಮನ್ಯಾಗಿಂದ ಸೋಸಿದ ನೀರು ತಗೊ. ಹೊಸದಕ್ಕ ಹೂವು ಹಾಕಬ್ಯಾಡ.

ಪೊಲೀಸರು ಬಟ್ಟಿ ತೋರಿಸಿ ಕೇಳಿದರ, ಇವತ್ತ ಮೌನವ್ರತ ಅಂತ ಕೈಸನ್ನಿ ಮಾಡು. ನಿನಗ ಸುಳ್ಳು ಹೇಳಾಕ ಬರೂದಿಲ್ಲ, ಅದಕ್ಕ ಎಲ್ಲಿಗೆ ಹೊಂಟೇನಿ ಅಂತ ಬರದಿಲ್ಲ.

ಖರೆ ಅಂದ್ರ, ನನಗೂ ಅವರು ಹೇಳಿಲ್ಲ.

ತವನಪ್ಪ